ಹೊಸ ಗಣಕಯಂತ್ರವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರು ಕೂಡಿಸಿ ಕಳುಹಿಸಿದ ದ್ರವ್ಯದಿಂದ ಆರು ಹೊಸ ಲ್ಯಾಪ್‌ಟಾಪುಗಳು ಕೊಳ್ಳಲ್ಪಟ್ಟವೆಂಬ ಸಂಗತಿಯು ಈ ಸಂಚಿಕೆಯ ವಾರ್ಷಿಕ ವರದಿಯಲ್ಲಿ ಬಂದಿರುತ್ತದೆ. ಅವುಗಳಲ್ಲಿ ಐದಕ್ಕೆ ವಿಂಡೋಸನ್ನು ಹಾಕಿಸದೆ ಲಿನಕ್ಸನ್ನು ಹಾಕಿದ್ದೇವೆಂಬದು ಅಲ್ಲಿ ಒಂದೇ ಸಾಲಿನಲ್ಲಿ ಹೇಳಲ್ಪಟ್ಟಿದೆ. ಆದರೆ ಈ ಸುದ್ದಿಯು ಮಕ್ಕಳ ಬಾಯಿಂದ ಮನೆಮನೆಗೆ ಹೋದಂದಿನಿಂದ ಕೂಡ್ಲಿಗಿ, ಕೊಟ್ಟೂರುಗಳಿಂದಲೂ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದಲೂ ನಮಗೆ ಬಂದ ಪ್ರಶ್ನೆಗಳು ಬಹಳ. ಕೆಲವು ಸ್ನೇಹದವು, ಕೆಲವು ಸಂಶಯದವು, ಒಂದೆರಡು ಕೋಪದವು. ದ್ರವ್ಯ ಕೊಟ್ಟವರು ಲೆಕ್ಕ ಕೇಳುವದು ನ್ಯಾಯವೇ. ಹಣದ ಲೆಕ್ಕವು ವರದಿಯಲ್ಲಿದೆ. ವಿಚಾರದ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತೇವೆ.

ಲಿನಕ್ಸೆಂದರೆ ಏನೆಂದು ಅರಿಯದವರಿಗಾಗಿ ಎರಡು ಮಾತು. ಶಾಲೆಗೆ ಕಟ್ಟಡವಿದ್ದರೆ ಸಾಲದು. ಯಾವ ತರಗತಿಯು ಯಾವ ಕೋಣೆಯಲ್ಲಿ ಎಷ್ಟು ಹೊತ್ತು ಕೂಡಬೇಕು, ಬೀಗದ ಕೈ ಯಾರ ವಶದಲ್ಲಿರಬೇಕು, ಗಂಟೆ ಯಾವಾಗ ಬಾರಿಸಬೇಕು ಎಂಬ ಏರ್ಪಾಡು ಬೇಕು. ಗಣಕಯಂತ್ರದಲ್ಲಿ ಈ ಏರ್ಪಾಡಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ವಿಂಡೋಸು ಅಂಥಾದ್ದೊಂದು, ಲಿನಕ್ಸು ಮತ್ತೊಂದು. ೧೯೯೧ರಲ್ಲಿ ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬವರು ಇದರ ತಿರುಳನ್ನು ಬರೆದು, ಯಾರು ಬೇಕಾದರೂ ಓದಿ ತಿದ್ದಬಹುದೆಂದು ಹೊರಗಿಟ್ಟರು. ಅದಕ್ಕೆ ಮುಂಚೆಯೇ, ೧೯೮೩ರಿಂದ, ಅಮೇರಿಕಾದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಗ್ನೂ ಎಂಬ ಹೆಸರಿನಲ್ಲಿ ಅದೇ ತರದ ಮುಕ್ತ ತಂತ್ರಾಂಶಗಳನ್ನು ಕಟ್ಟಿಸುತ್ತಲಿದ್ದರು. ಎರಡೂ ಕೂಡಿ ಈಗಿನ ಉಬುಂಟು, ಡೆಬಿಯನ್, ಮಿಂಟ್ ಮೊದಲಾದ ರೂಪಗಳಲ್ಲಿ ದೊರೆಯುತ್ತವೆ. ನಾವು ಹಾಕಿರುವದು ಉಬುಂಟು. ಇದರ ದೀರ್ಘಾವಧಿಯ ಆವೃತ್ತಿಯು ಎರಡು ವರ್ಷಕ್ಕೊಮ್ಮೆ ಏಪ್ರಿಲ್ ತಿಂಗಳಿನಲ್ಲಿ ಬರುತ್ತದೆ. ಐದು ವರ್ಷಗಳ ತನಕ ಅದರ ದೋಷಗಳನ್ನು ತಿದ್ದಿ ಕಳುಹಿಸುತ್ತಾರೆ.

ಮೊದಲನೆಯ ಆಕ್ಷೇಪಣೆಯು ಹೀಗೆ ಬಂತು: "ಬಿಟ್ಟಿ ಸಿಕ್ಕಿದ್ದನ್ನು ನಮ್ಮ ಮಕ್ಕಳ ತಲೆಗೆ ಕಟ್ಟಿದಿರಲ್ಲ." ಇಂಗ್ಲಿಷಿನಲ್ಲಿ ಬೆಲೆಯಿಲ್ಲದ್ದಕ್ಕೂ ಬಂಧನವಿಲ್ಲದ್ದಕ್ಕೂ ಒಂದೇ ಶಬ್ದವಿರುವದರಿಂದ ಆ ದೇಶದವರು ಈ ವಿಷಯವನ್ನು ತಿಳಿಸಿ ಹೇಳುವದಕ್ಕೆ ಬಹಳ ಶ್ರಮಪಡುತ್ತಾರೆ. ನಮಗೆ ಆ ಕಷ್ಟವಿಲ್ಲ. ಬಿಟ್ಟಿ ಬೇರೆ, ಮುಕ್ತ ಬೇರೆ ಎಂಬದು ಕನ್ನಡ ಬಲ್ಲ ಕೂಸಿಗೂ ಗೊತ್ತು. ಲಿನಕ್ಸಿಗೆ ನಾವು ಹಣ ಕೊಡಲಿಲ್ಲವೆಂಬದು ನಿಜವೇ; ಆದರೆ ಅದನ್ನು ಆರಿಸಿದ್ದು ಅದಕ್ಕಾಗಿ ಅಲ್ಲ. ಅದರ ಒಳಗನ್ನು ತೆರೆದು ನೋಡಬಹುದು, ಹಂಚಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೊಬ್ಬರಿಗೆ ಕೊಡಬಹುದು. ಗಡಿಯಾರವನ್ನು ಬಿಚ್ಚಿ ನೋಡಬೇಡವೆಂದು ಹೆಣ್ಣುಮಕ್ಕಳಿಗೆ ಎಷ್ಟು ತಲೆಮಾರಿನಿಂದ ಹೇಳುತ್ತಾ ಬಂದಿದ್ದೇವೆ! ಬಿಚ್ಚಿ ನೋಡಬಹುದಾದ ಗಡಿಯಾರವೊಂದು ಶಾಲೆಯಲ್ಲಾದರೂ ಇರಲಿ ಎಂಬದು ನಮ್ಮ ಮತವು.

ಇನ್ನೊಂದು ಕಾರಣವಿದೆ, ಅದನ್ನು ಮುಚ್ಚಿಡತಕ್ಕದ್ದಲ್ಲ. ಬೆಲೆ ಕಡಿಮೆಯಾಗಲೆಂದು ಐದು ಯಂತ್ರಗಳನ್ನು ಯಾವ ಆಪರೇಟಿಂಗ್ ಸಿಸ್ಟಮೂ ಇಲ್ಲದೆ ಕೊಂಡುಕೊಂಡೆವು. ಆಗ ಒಬ್ಬ ವರ್ತಕರು, ಸಣ್ಣ ಕೂಲಿ ಕೊಟ್ಟರೆ ಸಂಜೆಯೊಳಗೆ ಐದಕ್ಕೂ ವಿಂಡೋಸನ್ನು ತಾವೇ ತುಂಬಿಕೊಡುವದಾಗಿ ಬಹಳ ಪ್ರೀತಿಯಿಂದ ಹೇಳಿದರು. ರಸೀತಿ ಕೊಡುವಿರೋ ಎಂದು ಕೇಳಿದ್ದಕ್ಕೆ ನಕ್ಕರು. ನಮ್ಮ ತಾಲ್ಲೂಕುಗಳಲ್ಲಿ ಮನೆಗಳಿಗೆ ಹೋಗುವ ಎಷ್ಟೋ ಯಂತ್ರಗಳು ಹೀಗೆಯೇ ತುಂಬಲ್ಪಡುತ್ತವೆಂದು ಪೋಷಕರಿಗೆ ಗೊತ್ತಿದೆ. ಪರೀಕ್ಷೆಯಲ್ಲಿ ಪಕ್ಕದವಳ ಕಾಗದ ನೋಡಿದರೆ ಎಬ್ಬಿಸಿ ಕಳುಹಿಸುವ ಶಾಲೆಯು, ಕದ್ದ ತಂತ್ರಾಂಶದ ಮೇಲೆ ಪಾಠ ಹೇಳಿದರೆ ಮಕ್ಕಳು ಏನನ್ನು ಕಲಿತಾರು? ಅಲ್ಲದೆ ಅಂಥಾ ಕಳ್ಳಪ್ರತಿಗಳೊಳಗೆ ಬೇರೆಯವರು ಹುಳವನ್ನು ಬಿಟ್ಟಿರುವದು ಅಪರೂಪವೇನಲ್ಲ. ಆರನೆಯ ಯಂತ್ರವನ್ನು ಕಚೇರಿಗೋಸ್ಕರ ರಸೀತಿಯುಳ್ಳ ವಿಂಡೋಸ್ ಸಹಿತವಾಗಿಯೇ ಕೊಂಡೆವು. ಅದರ ಕಾರಣವನ್ನು ಮುಂದೆ ಹೇಳುವೆವು.

ಈಗ ಸ್ಥಾಪನೆಯ ಕೆಲಸದ ವಿಷಯ. ದಸರೆಯ ರಜೆಯಲ್ಲಿ ಗಣಿತದ ಉಪಾಧ್ಯಾಯಿನಿಯವರೂ ಒಂಬತ್ತನೆಯ ತರಗತಿಯ ನಾಲ್ವರು ಬಾಲಿಕೆಯರೂ ಮೂರು ದಿವಸ ಕೂತು ಇದನ್ನು ಮಾಡಿದರು. ಕೆಲಸವು ಸುಲಭವೆಂದು ನಾವು ಹೇಳುವದಿಲ್ಲ. ಹಳೆಯ ಯಂತ್ರಗಳಲ್ಲಿ ಲಿನಕ್ಸು ಸಾಮಾನ್ಯವಾಗಿ ಕೇಳಿದ್ದಕ್ಕೆಲ್ಲಾ ಹೂಂ ಎನ್ನುತ್ತದೆ. ಹೊಸ ಯಂತ್ರಗಳಲ್ಲಿಯೇ ತಕರಾರು. ಯಾಕಂದರೆ ಯಂತ್ರದ ಒಂದೊಂದು ಅಂಗಕ್ಕೂ, ಅಂದರೆ ವೈಫೈ ಚೀಟಿಗೆ, ಧ್ವನಿಗೆ, ಕೆಮರಾಕ್ಕೆ, ಡ್ರೈವರ್ ಎಂಬ ದುಭಾಷಿಯು ಬೇಕು. ಅಂಗವು ನಿನ್ನೆ ಹುಟ್ಟಿದ್ದಾದರೆ ದುಭಾಷಿಯು ಇನ್ನೂ ಅದರ ಭಾಷೆಯನ್ನು ಕಲಿತಿರುವದಿಲ್ಲ. ಲಿನಕ್ಸಿನ ತಿರುಳು ಹೊಸದಾದಷ್ಟೂ ಅದು ಬಲ್ಲ ಅಂಗಗಳು ಹೆಚ್ಚು. ಆದುದರಿಂದ ಹೊಸ ಯಂತ್ರಕ್ಕೆ ಹಳೆಯ ಪ್ರತಿಯನ್ನು ಹಾಕುವದು ವ್ಯರ್ಥವು.

ನಮ್ಮಲ್ಲಿ ಎರಡು ಯಂತ್ರಗಳ ವೈಫೈ ಕಾಣಿಸಿಕೊಳ್ಳಲೇ ಇಲ್ಲ. ದುಭಾಷಿಯನ್ನು ಅಂತರ್ಜಾಲದಿಂದ ಕರೆಸಬೇಕು, ಅಂತರ್ಜಾಲಕ್ಕೆ ಹೋಗಬೇಕಾದರೆ ದುಭಾಷಿಯೇ ಬೇಕು. ಹಗ್ಗವು ಬಾವಿಯೊಳಗೆ ಬಿದ್ದ ಹಾಗಾಯಿತು. ಆಗ ಅಡಿಗೆಮನೆಯ ಸಹಾಯಕ್ಕೆ ಬಂದಿದ್ದ ಒಬ್ಬ ಬಾಲಿಕೆಯ ತಾಯಿಯ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಯಂತ್ರಕ್ಕೆ ಜೋಡಿಸಿ, ಮೊಬೈಲಿನ ಟೆದರಿಂಗ್ ಎಂಬ ಏರ್ಪಾಡನ್ನು ತೆರೆದದ್ದರಿಂದ ಕೆಲಸವಾಯಿತು. ಈ ದಾರಿಗೆ ಬೇರೆ ದುಭಾಷಿ ಬೇಡ. ಡ್ರೈವರನ್ನು ತರಿಸಿಕೊಂಡು ಯಂತ್ರವನ್ನು ಮತ್ತೆ ತೆರೆದಾಗ ನೀಲಿ ಪರದೆಯೊಂದು ಎದ್ದು ಗುಪ್ತಪದವನ್ನು ಕೇಳಿತು, ಮಕ್ಕಳು ಹೆದರಿದರು. ಅದು ದೋಷವಲ್ಲ. ಸೆಕ್ಯೂರ್ ಬೂಟ್ ಎಂಬ ಕಾವಲುಗಾರನು ಹೊಸಬನನ್ನು ಒಳಗೆ ಬಿಡುವ ಮುಂಚೆ ಮನೆಯವರ ಒಪ್ಪಿಗೆ ಕೇಳುವ ಕ್ರಮವದು. ಸ್ಥಾಪಿಸುವಾಗ ನಾವೇ ಕೊಟ್ಟಿದ್ದ ಗುಪ್ತಪದವನ್ನು ಅಲ್ಲಿ ಬರೆದರೆ ದಾರಿ ಬಿಡುತ್ತಾನೆ. ಈ ಕಾವಲುಗಾರನನ್ನು ಪೂರಾ ತೆಗೆದುಹಾಕಿರೆಂದು ಕೆಲವರು ಸಲಹೆ ಕೊಡುತ್ತಾರೆ. ನಮಗೆ ಆ ಸಲಹೆ ಹಿಡಿಸುವದಿಲ್ಲ.

ಮತ್ತೊಂದು ಯಂತ್ರದಲ್ಲಿ ಸ್ಥಾಪಿಸುವ ತಂತ್ರಾಂಶಕ್ಕೆ ಡಿಸ್ಕೇ ಕಾಣಲಿಲ್ಲ. ಇಂಟೆಲ್ ಕಂಪನಿಯ ತಿರುಳುಳ್ಳ ಕೆಲವು ಯಂತ್ರಗಳಲ್ಲಿ ಡಿಸ್ಕಿನ ಮುಂದೆ ವಿಎಂಡಿ ಎಂಬ ತೆರೆಯೊಂದು ಇರುತ್ತದೆ. ಯಂತ್ರವನ್ನು ತೆರೆಯುವಾಗ ಎಫ್೨ ಒತ್ತಿ ಒಳಗಿನ ಬಯೋಸ್ ಪಟ್ಟಿಗೆ ಹೋಗಿ ಆ ತೆರೆಯನ್ನು ಸರಿಸಿದ ಕೂಡಲೇ ಡಿಸ್ಕು ಕಂಡಿತು. ನಮ್ಮ ಯಂತ್ರವು ಬರಿದಾಗಿದ್ದುದರಿಂದ ಇದರಲ್ಲಿ ಭಯವಿರಲಿಲ್ಲ. ವಿಂಡೋಸನ್ನೂ ಉಳಿಸಿಕೊಳ್ಳಬೇಕೆನ್ನುವ ಪೋಷಕರು ಮಾತ್ರ ಆ ತೆರೆಯನ್ನು ಸುಮ್ಮನೆ ಸರಿಸಿದರೆ ವಿಂಡೋಸು ಏಳದೆ ಹೋಗಬಹುದು. ಮೊದಲು ಅದಕ್ಕೆ ಸಿದ್ಧತೆ ಮಾಡಬೇಕು. ಹಾಗೆಯೇ ಬಿಟ್‌ಲಾಕರ್ ಎಂಬ ಬೀಗವಿದ್ದರೆ ಅದರ ೪೮ ಅಂಕಿಗಳ ಕೈಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕತಕ್ಕದ್ದು. ಇನ್ನು ಮುಚ್ಚಳ ಮುಚ್ಚಿದರೂ ಯಂತ್ರವು ನಿದ್ರೆ ಹೋಗದೆ ಚೀಲದೊಳಗೆ ಬಿಸಿಯಾಗುವ ಉಪದ್ರವವು ಒಂದರಲ್ಲಿ ಈಗಲೂ ಇದೆ. ಅದನ್ನು ಪೂರ್ತಿ ಆರಿಸಿಯೇ ಚೀಲಕ್ಕೆ ಹಾಕುವಂತೆ ಮಕ್ಕಳಿಗೆ ಅಪ್ಪಣೆಯಾಗಿದೆ.

ಈ ತೊಂದರೆಗಳನ್ನು ಕೇಳಿ, "ಇಷ್ಟೆಲ್ಲಾ ಯಾಕೆ?" ಎಂದು ಕೇಳುವವರಿರುವರು. ಆದರೆ ಆ ಮೂರು ದಿವಸಗಳಲ್ಲಿ ನಾಲ್ವರು ಬಾಲಿಕೆಯರು ಯಂತ್ರದ ಒಳಗಿನ ವಿಷಯವಾಗಿ ಕಲಿತದ್ದು, ಪಠ್ಯಪುಸ್ತಕದ ಗಣಕಯಂತ್ರದ ಪಾಠವನ್ನು ವರ್ಷವೆಲ್ಲಾ ಬಾಯಿಪಾಠ ಮಾಡಿದರೂ ಬರತಕ್ಕದ್ದಲ್ಲವೆಂದು ನಾವು ಕಣ್ಣಾರೆ ಕಂಡಿದ್ದೇವೆ. ಯಂತ್ರವು ಹಟ ಮಾಡಿದಾಗ ಅಳದೆ, ಬಡಿಯದೆ, ಪರದೆಯ ಮೇಲೆ ಬಂದ ಮಾತನ್ನು ನಿಧಾನವಾಗಿ ಓದಿ, ಒಂದೊಂದನ್ನೇ ಬದಲಿಸಿ ನೋಡುವ ತಾಳ್ಮೆಯನ್ನು ಯಾವ ಪಠ್ಯಕ್ರಮದವರೂ ಇಷ್ಟು ಚೆನ್ನಾಗಿ ಏರ್ಪಡಿಸಲಾರರು.

ನಮಗೆ ನಿಜವಾಗಿ ಚಿಂತೆಯಾದದ್ದು ಕನ್ನಡದ ವಿಷಯದಲ್ಲಿ. ಯಂತ್ರಗಳು ಸಿದ್ಧವಾದ ವಾರದಲ್ಲಿಯೇ ಹರಪನಹಳ್ಳಿಯ ಕಡೆಯ ಪೂರ್ವ ವಿದ್ಯಾರ್ಥಿನಿಯೊಬ್ಬರು ತಮ್ಮ ವರ್ಗಾವಣೆ ಪತ್ರದ ಎರಡನೆಯ ಪ್ರತಿಗಾಗಿ ಬಂದರು; ಉದ್ಯೋಗದ ದಾಖಲೆ ಪರಿಶೀಲನೆಗೆ ನಾಲ್ಕೇ ದಿವಸಗಳಿದ್ದವು. (ಆ ತಾಲ್ಲೂಕು ೧೯೯೭ರಲ್ಲಿ ದಾವಣಗೆರೆಗೆ ಸೇರಿ, ಅನಂತರ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಒಂದೇ ಮನೆಯ ಅಕ್ಕತಂಗಿಯರ ಪತ್ರಗಳಲ್ಲಿ ಬೇರೆ ಬೇರೆ ಜಿಲ್ಲೆಗಳ ಹೆಸರುಗಳಿರುವದನ್ನು ಕಂಡು ಹೊರಗಿನ ಅಧಿಕಾರಿಗಳು ಹುಬ್ಬುಗಂಟಿಕ್ಕುವದುಂಟು. ಆದುದರಿಂದ ಆ ಊರಿನ ಮಕ್ಕಳಿಗೆ ಮೂಲ ದಾಖಲೆಯು ಬಹಳ ಮುಖ್ಯ.) ಅವರ ಕಾಲದ ದಾಖಲೆಗಳು ಹಳೆಯ ನುಡಿ ತಂತ್ರಾಂಶದಲ್ಲಿ ಬರೆಯಲ್ಪಟ್ಟವು. ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷಿನ ಅಕ್ಷರಗಳೂ ಕೊಂಬುಗಳೂ ಚುಕ್ಕೆಗಳೂ ಇರುವೆಸಾಲಿನಂತೆ ಹರಿದಿದ್ದವು. ಆ ತಾಯಿಯ ಮುಖವು ಬಾಡಿತು. "ಈ ಲಿನಕ್ಸು ನನ್ನ ಹೆಸರನ್ನೇ ತಿಂದುಬಿಟ್ಟಿತಲ್ಲ ಮೇಡಂ" ಎಂದರು.

ಲಿನಕ್ಸು ತಿಂದಿರಲಿಲ್ಲ. ಹಳೆಯ ನುಡಿಯಲ್ಲಿಯೂ ಅದರ ಕಾಲದ ಇತರ ಕನ್ನಡ ತಂತ್ರಾಂಶಗಳಲ್ಲಿಯೂ ಇಂಗ್ಲಿಷ್ ಅಕ್ಷರಗಳಿಗೆ ಗೊತ್ತುಮಾಡಿದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಅಕ್ಷರಮಾಲೆಯಿಲ್ಲದ ಯಂತ್ರದಲ್ಲಿ, ಅದು ವಿಂಡೋಸಾದರೂ ಸರಿಯೇ, ವೇಷ ಕಳಚಿ ಇಂಗ್ಲಿಷೇ ಕಾಣುತ್ತದೆ. ಯುನಿಕೋಡ್ ಎಂಬ ಜಾಗತಿಕ ಏರ್ಪಾಡಿನಲ್ಲಿ ೧೯೯೧ರಿಂದಲೇ ಕನ್ನಡದ ಅಕ್ಷರಗಳಿಗೆ ಸ್ವಂತ ಮನೆಗಳಿವೆ. ೨೦೧೨ರಲ್ಲಿ ಕರ್ನಾಟಕ ಸರ್ಕಾರವೂ ಅದನ್ನೇ ಶಿಷ್ಟತೆಯೆಂದು ಒಪ್ಪಿಕೊಂಡಿತು. ಲಿನಕ್ಸಿನಲ್ಲಿ ಕನ್ನಡವು ಯುನಿಕೋಡಿನದೇ. ಪರಿವರ್ತಿಸುವ ತಂತ್ರಾಂಶಗಳು ಮುಕ್ತವಾಗಿ ದೊರೆಯುತ್ತವೆ. ಅದೇ ಮಧ್ಯಾಹ್ನ ಮಕ್ಕಳು ಆ ಕಡತವನ್ನು ಪರಿವರ್ತಿಸಿದರು. ಆದರೆ ಅರ್ಕಾವತ್ತಿನಲ್ಲಿ ಎಚ್ಚರಿಕೆ ಬೇಕು. ಹಳೆಯ ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡಿನಲ್ಲಿ ರಕಾರವು, ನಾವು ಉಚ್ಚರಿಸುವ ಹಾಗೆ, ಮೊದಲು ಬರಬೇಕು. ಪರಿವರ್ತಕವು ಅದನ್ನು ಹಿಂದಿನಿಂದ ಮುಂದಕ್ಕೆ ತರುವಾಗ ಕೆಲವು ಹೆಸರುಗಳು ಸೊಟ್ಟಗಾದವು. ಕೊನೆಗೆ ಪ್ರತಿಯೊಂದು ಹೆಸರನ್ನೂ ಮಸಿಯಲ್ಲಿ ಬರೆದ ದಾಖಲಾತಿ ಪುಸ್ತಕದೊಡನೆ ಹೋಲಿಸಿ ನೋಡಿದೆವು. ಪತ್ರವು ಸಕಾಲಕ್ಕೆ ಸಿಕ್ಕಿತು. ಆ ಮೇಲೆ ಹಳೆಯ ದಾಖಲೆಗಳೆಲ್ಲವನ್ನೂ ವರ್ಷಕ್ಕೊಂದರಂತೆ ಹೀಗೆ ಪರಿವರ್ತಿಸಿ ಹೋಲಿಸುವ ಕೆಲಸವನ್ನು ಆರಂಭಿಸಿದ್ದೇವೆ. ಯಾವೊಬ್ಬ ಹೆಣ್ಣುಮಗಳ ಹೆಸರೂ ಒಂದು ಅಕ್ಷರಮಾಲೆ ಸತ್ತದ್ದರಿಂದ ಸಾಯಬಾರದು.

ಇದು ನಮ್ಮ ಸೀಮೆಗೆ ಹೊಸ ಕಥೆಯಲ್ಲ. ೧೮೪೩ರ ಜುಲೈ ತಿಂಗಳಿನಲ್ಲಿ ಮೋಗ್ಲಿಂಗ್ ಪಾದ್ರಿಗಳು ಆರಂಭಿಸಿದ ಮಂಗಳೂರ ಸಮಾಚಾರವು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಮರುವರ್ಷ ಆ ಪತ್ರಿಕೆಯು ಬಳ್ಳಾರಿಗೆ ಬಂದದ್ದು ಇಲ್ಲಿ ಕನ್ನಡದ ಅಚ್ಚುಮೊಳೆಗಳು ಇದ್ದುದರಿಂದ. ಅಕ್ಷರವಿರುವ ಕಡೆಗೆ ಪತ್ರಿಕೆ ನಡೆದುಬಂತು. ಈಗ ಮೊಳೆಯ ಬದಲು ಸಂಖ್ಯೆಗಳು. ಆದರೂ ಅಕ್ಷರವು ಯಾರ ವಶದಲ್ಲಿದೆ ಎಂಬ ಪ್ರಶ್ನೆಯು ಹಾಗೆಯೇ ಇದೆ. ಲಿನಕ್ಸಿನೊಡನೆ ಬರುವ ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಮಾಲೆಗಳು ಮುಕ್ತವಾದವು. ಗುಬ್ಬಿಯೂ ನವಿಲೂ ಎಂಬ ಹೆಸರು ಕೇಳಿಯೇ ಆರನೆಯ ತರಗತಿಯ ಮಕ್ಕಳು ಕುಣಿದಾಡಿದರು! ಕೀಲಿಮಣೆಯ ವಿಷಯದಲ್ಲಿಯೂ ಪೋಷಕರು ಭಯಪಡಬೇಕಾದ್ದಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಎಲ್ಲರಿಗೂ ಅಭ್ಯಾಸವಾದ ಅದೇ ವಿನ್ಯಾಸವು ಲಿನಕ್ಸಿನ ಐಬಸ್ ಎಂಬ ಏರ್ಪಾಡಿನಲ್ಲಿ ಕೆಜಿಪಿ ಎಂಬ ಹೆಸರಿನಿಂದ ಸಿಕ್ಕುತ್ತದೆ. ನಮ್ಮ ಕಚೇರಿಯ ಗುಮಾಸ್ತೆಯವರು ಮುಂಚಿನ ವೇಗದಲ್ಲಿಯೇ ಬರೆಯುತ್ತಾರೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪಣೆಯು ಉದ್ಯೋಗದ್ದು. "ಕಚೇರಿಗಳಲ್ಲಿ ವಿಂಡೋಸು ಇರುವಾಗ ನಮ್ಮ ಹುಡುಗಿಗೆ ಇದನ್ನು ಕಲಿಸಿದರೆ ಮುಂದೇನು ಗತಿ?" ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಶೇಂಗಾ ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಶುಲ್ಕ ಕಟ್ಟಿದ ತಂದೆಗೆ ಅದನ್ನು ಕೇಳುವ ಅಧಿಕಾರವಿದೆ. ಅದಕ್ಕೆ ನಮ್ಮ ಉತ್ತರವಿಷ್ಟು: ಲಿಬ್ರೆ ಆಫೀಸಿನಲ್ಲಿ ಲೆಕ್ಕದ ಪಟ್ಟಿಯನ್ನು ಸರಿಯಾಗಿ ಕಟ್ಟಲು ಬಲ್ಲವಳಿಗೆ ಬೇರೆಯ ತಂತ್ರಾಂಶದಲ್ಲಿ ಗುಂಡಿಗಳ ಸ್ಥಾನವನ್ನು ಹುಡುಕಲು ಒಂದು ವಾರ ಸಾಕು. ಗುಂಡಿಗಳ ಸ್ಥಾನವನ್ನು ಮಾತ್ರ ಬಾಯಿಪಾಠ ಮಾಡಿದವಳು ಮುಂದಿನ ಆವೃತ್ತಿ ಬಂದ ದಿವಸ ನಿಂತುಬಿಡುವಳು. ಅಲ್ಲದೆ ಲೋಕದಲ್ಲಿ ಅಂತರ್ಜಾಲವನ್ನು ನಡೆಸುವ ದೊಡ್ಡ ಯಂತ್ರಗಳಲ್ಲಿ ಹೆಚ್ಚಿನವು ಲಿನಕ್ಸಿನಿಂದ ನಡೆಯುತ್ತವೆ. ತಂದೆತಾಯಿಗಳ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳೂ ಲಿನಕ್ಸೇ. ಅದನ್ನು ಬೇಡವೆನ್ನುವ ಪೋಷಕರು ಅದರಿಂದಲೇ ನಮಗೆ ಸಂದೇಶ ಕಳುಹಿಸಿದರೆಂಬದು ಒಂದು ತಮಾಷೆ.

ನೆರೆಯ ಕೇರಳದಲ್ಲಿ ೨೦೦೧ರಲ್ಲಿ ಶಾಲೆಗಳಿಗಾಗಿ ಐಟಿ@ಸ್ಕೂಲ್ ಎಂಬ ಯೋಜನೆಯು ಆರಂಭವಾಗಿ, ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶದ ಕಡೆಗೆ ತಿರುಗಿತು. ಅಲ್ಲಿನ ಸರ್ಕಾರೀ ಶಾಲೆಗಳ ಮಕ್ಕಳು ಲಿನಕ್ಸಿನ ಮೇಲೆಯೇ ಕಲಿಯುತ್ತಾ ಬಂದಿದ್ದಾರೆ. ಅವರಾರೂ ಉದ್ಯೋಗಕ್ಕೆ ಅನರ್ಹರಾದದ್ದನ್ನು ನಾವು ಕೇಳಿಲ್ಲ. ನಮ್ಮ ರಾಜ್ಯದಲ್ಲಿಯೂ ಪ್ರೌಢಶಾಲೆಯ ಉಪಾಧ್ಯಾಯರ ವಿಷಯ ವೇದಿಕೆಗಳ ತರಬೇತಿಯಲ್ಲಿ ಉಬುಂಟುವನ್ನು ಕಲಿಸಿದ್ದುಂಟು. ನಮ್ಮ ಗಣಿತದ ಉಪಾಧ್ಯಾಯಿನಿಯವರಿಗೆ ಧೈರ್ಯ ಬಂದದ್ದು ಅದನ್ನು ಕಲಿತ ಗೆಳತಿಯೊಬ್ಬರಿಂದಲೇ. ಆದರೂ ಒಂದು ಮಾತನ್ನು ಒಪ್ಪಬೇಕು. ಕೆಲವು ಸರ್ಕಾರೀ ಜಾಲತಾಣಗಳಿಗೆ ಬೇಕಾದ ಡಿಜಿಟಲ್ ಸಹಿಯ ಕೀಲಿಯೂ, ಕೆಲವು ಮುದ್ರಣಯಂತ್ರಗಳೂ ಲಿನಕ್ಸಿನಲ್ಲಿ ಸರಾಗವಾಗಿ ನಡೆಯುವದಿಲ್ಲ. ಕಚೇರಿಯ ಆರನೆಯ ಯಂತ್ರದಲ್ಲಿ ವಿಂಡೋಸನ್ನು ಉಳಿಸಿದ್ದು ಇದಕ್ಕೇ. ಮತದ ಹಟಕ್ಕಾಗಿ ಮಕ್ಕಳ ಕೆಲಸ ನಿಲ್ಲಿಸುವದು ವಿವೇಕವಲ್ಲ.

ಹಳೆಯ ಯಂತ್ರಗಳ ಸಂಗತಿಯನ್ನೂ ಇಲ್ಲಿ ಹೇಳಬಹುದು. ೨೦೨೫ನೇ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು ನಿಂತಿತು. ನಮ್ಮ ಪ್ರಯೋಗಶಾಲೆಯ ಎಂಟು ಹಳೆಯ ಗಣಕಯಂತ್ರಗಳು ವಿಂಡೋಸ್ ೧೧ರ ನಿಯಮಗಳಿಗೆ ಒಪ್ಪುವದಿಲ್ಲ. ಗುಜರಿಗೆ ಹಾಕತಕ್ಕವೆಂದು ಎಣಿಸಲ್ಪಟ್ಟ ಆ ಎಂಟಕ್ಕೂ ಲಿನಕ್ಸ್ ಮಿಂಟನ್ನು ಹಾಕಿದ್ದರಿಂದ ಅವು ಈಗಲೂ ಪಾಠಕ್ಕೆ ಬರುತ್ತಿವೆ. ಹೊಸದಾಗಿ ಎಂಟು ಯಂತ್ರಗಳಿಗೆ ನಾವು ಯಾರ ಬಾಗಿಲನ್ನು ತಟ್ಟಬೇಕಾಗಿತ್ತು!

ಇನ್ನೊಂದು ವಿಷಯವನ್ನು ತಂದೆತಾಯಿಗಳ ಮುಂದೆ ಬಿಚ್ಚಿ ಹೇಳುವದು ನಮ್ಮ ಕರ್ತವ್ಯವು. ಹತ್ತನೆಯ ತರಗತಿ ದಾಟಿದ ನಮ್ಮ ಹುಡುಗಿಯರು ಹೊಸಪೇಟೆಗೋ ದಾವಣಗೆರೆಗೋ ಬಳ್ಳಾರಿಗೋ ಓದಲು ಹೋಗುವಾಗ ಕೆಲವು ಮನೆಗಳಲ್ಲಿ ಸಾಲ ಮಾಡಿಯಾದರೂ ಲ್ಯಾಪ್‌ಟಾಪನ್ನು ಕೊಡಿಸುತ್ತಾರೆ, ಇದು ಸ್ತುತ್ಯವು. ಆದರೆ ಹಬ್ಬಕ್ಕೆ ಮನೆಗೆ ಬಂದಾಗ ಅದು ಅಣ್ಣನ ಕೋಣೆಗೆ ಹೋಗುತ್ತದೆ. ಕೆಟ್ಟರೆ ಅವಳ ಕೈಗೆ ಕೊಡದೆ ಪೇಟೆಯ ಅಂಗಡಿಗೆ ಕಳುಹಿಸುತ್ತಾರೆ. ಅಲ್ಲಿ ಅಪರಿಚಿತನೊಬ್ಬನು ಅವಳ ಪತ್ರಗಳನ್ನೂ ಭಾವಚಿತ್ರಗಳನ್ನೂ ನೋಡಬಲ್ಲನೆಂದು ಯಾರೂ ಯೋಚಿಸುವದಿಲ್ಲ. ಸ್ಥಾಪಿಸುವಾಗಲೇ ಡಿಸ್ಕಿಗೆ ಬೀಗ ಹಾಕುವ ಸೌಕರ್ಯವು ಉಬುಂಟುವಿನಲ್ಲಿದೆ. ಗುಪ್ತಪದವು ಅವಳೊಬ್ಬಳಿಗೇ ಗೊತ್ತಿರಲಿ. ಮಲ್ಲಿಗೆಯ ತೋಟವುಳ್ಳ ಹಡಗಲಿಯ ತಂದೆಯೊಬ್ಬರು ನಮಗೆ ಹೇಳಿದರು: "ಅವಳು ಅದನ್ನು ಬಿಚ್ಚಿ ಕೆಡಿಸಿದರೆ?" ಕೆಡಿಸಲಿ. ತಮ್ಮನು ಮೋಟಾರು ಸೈಕಲ್ಲನ್ನು ಬಿಚ್ಚಿ ಅಂಗಳದಲ್ಲಿ ಹರಡಿದಾಗ ಅದನ್ನು ಕಲಿಕೆಯೆಂದು ಕರೆದ ಮನೆಯಲ್ಲಿ ಅಕ್ಕನಿಗೆ ಒಂದು ಬಯೋಸ್ ಪಟ್ಟಿಯನ್ನು ತೆರೆಯಲು ಅನುಮತಿಯಿರಲಿ.

ಕೊಳ್ಳುವ ಮುಂಚೆ ಮಾಡತಕ್ಕ ಕೆಲಸವೊಂದಿದೆ. ೧೬ ಜಿಬಿಯ ಪೆನ್‌ಡ್ರೈವಿನಲ್ಲಿ ಉಬುಂಟುವನ್ನು ತುಂಬಿಸಿಕೊಂಡು ಅಂಗಡಿಗೆ ಒಯ್ಯಿರಿ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ನಡೆಸಿ ನೋಡಬಹುದು. ವೈಫೈ, ಧ್ವನಿ, ಕೆಮರಾ, ಪರದೆಯ ಬೆಳಕು, ಮುಚ್ಚಳ ಮುಚ್ಚಿದಾಗಿನ ನಿದ್ರೆ, ಈ ಐದನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು. ಅದಕ್ಕೆ ಒಪ್ಪದ ಅಂಗಡಿಯವರಲ್ಲಿ ವ್ಯಾಪಾರ ಬೇಡ. ಅಂಥಾ ನಾಲ್ಕು ಪೆನ್‌ಡ್ರೈವುಗಳು ನಮ್ಮ ಗ್ರಂಥಾಲಯದಲ್ಲಿ ಪುಸ್ತಕದಂತೆಯೇ ಎರವಲಿಗೆ ಇಡಲ್ಪಟ್ಟಿವೆ. ಪೂರ್ವ ವಿದ್ಯಾರ್ಥಿನಿಯರು ತಮ್ಮ ಯಂತ್ರಕ್ಕೆ ಲಿನಕ್ಸನ್ನು ಹಾಕಿಸಿಕೊಳ್ಳಬೇಕಾದರೆ ಶಾಲೆಯ ಶನಿವಾರಗಳಲ್ಲಿ ಮಧ್ಯಾಹ್ನ ೧ ಗಂಟೆಯ ಮೇಲೆ ಬರಬಹುದು. ಒಂಬತ್ತನೆಯ ತರಗತಿಯವರು ಮುಂದೆ ನಿಂತು ತೋರಿಸುವರು, ಕೈಯಿಂದ ಮಾಡುವದು ಮಾತ್ರ ಬಂದವರದೇ. ಹೊರಡುವ ಮುಂಚೆ ತಮ್ಮ ಕಡತಗಳ ಪ್ರತಿಯನ್ನು ಬೇರೊಂದು ಕಡೆ ಇಟ್ಟುಬರಬೇಕು. ಕೊಟ್ಟೂರಿನ ಕಡೆಯಿಂದ ಬರುವವರು ಸಂಜೆಯ ಬಸ್ಸಿನ ವೇಳೆಯನ್ನು ಮೊದಲೇ ತಿಳಿಸಿದರೆ ಅವರ ಯಂತ್ರವನ್ನು ಮುಂಚಿತವಾಗಿ ಹಿಡಿಯುವೆವು. ಚಾರ್ಜರನ್ನೂ, ಯುಎಸ್‌ಬಿ ತಂತಿಯನ್ನೂ ಮರೆಯದೆ ತರಬೇಕು.